ಗೋಡೆಯ ಮೇಲೆ ಉಳಿದ ಕಲ್ಲುಚಕ್ಕೆ

ಆ ದಿನ ಬೆಳಿಗ್ಗೆ ಅಕ್ಕ ನನಗೆ ಜಡೆ ಹೆಣೆಯುತ್ತಾ ಬೈಯುತ್ತಿದ್ದಳು. ನಾನು ಕೂತಲ್ಲಿ ಕೂರುತ್ತಿರಲಿಲ್ಲ. ಜಗಲಿಯ ಅಂಚಿನಲ್ಲಿ ಇರುವೆ ಸಾಲು ಹೋಗುತ್ತಿತ್ತು, ನನ್ನ ತಲೆಯೂ ಅದರ ಹಿಂದೆಯೇ ಹೋಗುತ್ತಿತ್ತು.

"ನೆಟ್ಟಗೆ ಕೂತ್ಕೊಳೇ ಸುಬ್ಬಿ. ಏನು, ಕತ್ತಿಗೆ ಚಕ್ರ ಹಾಕ್ಕೊಂಡಿದ್ದೀಯಾ?"

"ನೋಯ್ತದೆ ಕಣೇ."

"ನೋಯ್ಲಿ. ಇವತ್ತಿಂದ ನಾನು ಮುಂದಾಳು. ನನ್ನ ತಂಗೀನೇ ತಲೆ ಕೆದರ್ಕೊಂಡು ಬಂದ್ರೆ ಆ ರಹಮತ್ ವಾರವೆಲ್ಲ ನಗ್ತಾನೆ."

ಅಮ್ಮ ನೀರಿಗೆ ಹೋಗಿದ್ದಳು. ಒಳಗಿನಿಂದ ಅಜ್ಜಿಯ ದನಿ ಬಂತು. ಅಜ್ಜಿಗೆ ಸಿಟ್ಟು ಬಂದರೆ ಮಾತು ತೆಲುಗಿಗೆ ಹೊರಳುತ್ತಿತ್ತು. "ಆಡಪಿಲ್ಲ ಮುಂದಾಳು ಏಂಟಮ್ಮಾ? ಎಲ್ಲಾದ್ರೂ ಉಂಟಾ?"

"ನೀನೂ ಹೆಣ್ಣುಮಗಳೇ ಅಲ್ವಾ ಅಜ್ಜೀ? ಈ ಮನೇಲಿ ನಮ್ಮಪ್ಪನ್ನೂ ಸೇರಿಸಿ ಎಲ್ಲರ್ನೂ ಆಳ್ತಾ ಇಲ್ವಾ?"

ಅಜ್ಜಿ ನಕ್ಕುಬಿಟ್ಟಳು. ಅಪ್ಪ ಹಟ್ಟಿಯಿಂದ ಹಾಲಿನ ಚೆಂಬು ಹಿಡಿದು ಬರುತ್ತಿದ್ದವರು ಕೇಳಿಸಿಕೊಂಡೂ ಕೇಳದ ಹಾಗೆ ಒಳಗೆ ಹೋದರು. ನಮ್ಮ ಮನೆಯ ಕೊನೆಯ ಸಾಮಾನ್ಯ ದಿನ ಶುರುವಾದದ್ದು ಹೀಗೆ. ಅಕ್ಕನ ಹೆಸರು ಪಾರ್ವತಿ. ಅವಳಿಗೆ ಹದಿಮೂರು, ನನಗೆ ಹತ್ತು.

ನಮ್ಮೂರು ಮಾಲೂರು ತಾಲ್ಲೂಕಿನಲ್ಲಿ, ಶಿವಾರಪಟ್ಟಣಕ್ಕೆ ಎರಡು ಮೈಲಿ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ಸೀಮೆಎಣ್ಣೆ ಸಿಗುತ್ತಿರಲಿಲ್ಲವಾದ್ದರಿಂದ ಹೊತ್ತು ಮುಳುಗುವುದರೊಳಗೆ ಊರೆಲ್ಲ ಉಂಡು ಮುಗಿಸುತ್ತಿತ್ತು. ಶಾಲೆ ಎಂದರೆ ಹೆಂಚಿನ ಒಂದು ಕೋಣೆ, ಮುಂದೊಂದು ಹೊಂಗೆಮರ. ಮೇಲಿನ ತರಗತಿಗಳಲ್ಲಿ ಹದಿನೆಂಟು ಮಕ್ಕಳಿದ್ದೆವು. ಅದರಲ್ಲಿ ಹುಡುಗಿಯರು ಐದು.

ಆ ವರ್ಷ ದಸರಾ ರಜೆ ಮುಗಿದ ಮೇಲೆ ಕೋಲಾರದ ಕಡೆಯಿಂದ ಹೊಸ ಮೇಷ್ಟ್ರು ವರ್ಗವಾಗಿ ಬಂದರು. ತೆಳ್ಳಗಿನ ಮನುಷ್ಯ, ಸದಾ ಸೀಮೆಸುಣ್ಣದ ಕೈ. ಅವರಿಗಿಂತ ಮುಂಚೆ ನಮಗೊಬ್ಬ ಮಾನಿಟರ್ ಇದ್ದ. ಮಾತಾಡಿದವರ ಹೆಸರು ಬರೆದು ಹೊಡೆಸುವುದು ಅವನ ಕೆಲಸ. ಹೊಸ ಮೇಷ್ಟ್ರು ಮೊದಲ ದಿನವೇ ಬೆತ್ತವನ್ನು ತೆಗೆದುಕೊಂಡು ಹೋಗಿ ಶಾಲೆಯ ಹಿಂದಿನ ಹೀರೆಬಳ್ಳಿಗೆ ಆಸರೆಯಾಗಿ ನೆಟ್ಟರು. ಆಮೇಲೆ ಹೇಳಿದರು: "ಹೊಡೆಸೋನು ಮುಂದಾಳಲ್ಲ. ಎಲ್ಲರೂ ಕುಡಿದಮೇಲೆ ನೀರು ಕುಡಿಯೋನು ಮುಂದಾಳು. ವಾರಕ್ಕೊಬ್ಬರು ಆಗಿ ನೋಡಿ. ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ."

ಮೊದಲ ವಾರದ ಮುಂದಾಳು ರಹಮತ್. ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರ ಮಗ, ಅಕ್ಕನ ಓರಗೆಯವನು. ಮೊದಲ ದಿನವೇ ಬಿಂದಿಗೆಯ ಹತ್ತಿರ ಓಡಿಹೋಗಿ ಎಲ್ಲರಿಗಿಂತ ಮೊದಲು ನೀರು ಕುಡಿದುಬಿಟ್ಟ.

"ಏನ್ಲಾ ಮುಂದಾಳು, ನೀರಿಗೆ ಮುಂದಾಳಾ?" ಎಂದಳು ಅಕ್ಕ.

"ಅರೆ, ನೀರು ಚೆನ್ನಾಗೈತಾ ಅಂತ ನೋಡ್ದೆ. ಕೆಟ್ಟಿದ್ರೆ ನಾನೊಬ್ಬನೇ ಸಾಯ್ಲಿ ಅಂತ!"

ಮೇಷ್ಟ್ರು ನಗು ತಡೆಯಲಾರದೆ ಹಲಗೆಯ ಕಡೆ ತಿರುಗಿಕೊಂಡರು.

ಆ ಮೇಷ್ಟ್ರು ಪುಸ್ತಕ ಮುಚ್ಚಿಟ್ಟು ಕಲಿಸಿದ್ದೇ ಹೆಚ್ಚು. ಒಂದು ದಿನ ನಮ್ಮನ್ನು ಶಿವಾರಪಟ್ಟಣಕ್ಕೆ ನಡೆಸಿಕೊಂಡು ಹೋದರು. ಬೀದಿಯುದ್ದಕ್ಕೂ ಉಳಿಯ ಸದ್ದು, ಕಲ್ಲಿನ ಪುಡಿ. ಒಂದು ಚಪ್ಪರದ ಕೆಳಗೆ ವಯಸ್ಸಾದ ಆಚಾರಿಯೊಬ್ಬರು ವಿಗ್ರಹ ಕೆತ್ತುತ್ತಿದ್ದರು. ಮೂಗು, ತುಟಿ, ಕಿವಿಯೋಲೆ ಎಲ್ಲ ಮುಗಿದಿತ್ತು. ಕಣ್ಣಿದ್ದ ಜಾಗ ಮಾತ್ರ ಬೋಳಾಗಿತ್ತು.

"ತಾತಾ, ಕಣ್ಣು ಮರ್ತೋಗಿದ್ದೀರಿ," ಎಂದಳು ಅಕ್ಕ.

"ಮರ್ತಿಲ್ಲ ಕಣಮ್ಮ. ಕಣ್ಣು ಎಲ್ಲದಕ್ಕಿಂತ ಕೊನೆಗೆ. ಕಣ್ಣು ಬಿಟ್ಮೇಲೆ ಇದು ನನ್ನ ಕಲ್ಲಲ್ಲ, ನೋಡು. ನಾನು ಕೈಮುಗಿಬೇಕು."

ಹಿಂದಿರುಗುವಾಗ ನಾವು ನೆಲದಲ್ಲಿ ಬಿದ್ದಿದ್ದ ಕಪ್ಪು ಕಲ್ಲಿನ ಚಕ್ಕೆಗಳನ್ನು ಲಂಗದಲ್ಲಿ, ಜೇಬಿನಲ್ಲಿ ತುಂಬಿಕೊಂಡೆವು. ಮಾರನೆಯ ದಿನ ಚಿತ್ರದ ಪಾಠದಲ್ಲಿ ಮೇಷ್ಟ್ರು ಒಬ್ಬೊಬ್ಬರಿಗೂ ಒಂದು ಚಕ್ಕೆ ಇಟ್ಟುಕೊಳ್ಳಲು ಹೇಳಿ, ಅದರ ಮೇಲೆ ಮೊಳೆಯಲ್ಲಿ ನಿಮ್ಮದೇ ಒಂದು ಗುರುತು ಕೊರೆಯಿರಿ ಎಂದರು. ರಹಮತ್ ಚೆಂಬು ಕೊರೆದ. ನಾನು ಗಿಣಿ ಕೊರೆದೆ, ಅದು ಕೋಳಿಯ ಹಾಗಾಯಿತು. ಅಕ್ಕ ಮೀನು ಕೊರೆದಳು. ರೆಕ್ಕೆ, ಬಾಲ, ಹುರುಪೆ ಎಲ್ಲ ಇತ್ತು. ಕಣ್ಣಿರಲಿಲ್ಲ.

"ಕಣ್ಣು?" ಎಂದೆ.

"ಕೊನೆಗೆ. ಬಾವೀಲಿ ನೀರು ಬಂದಮೇಲೆ."

ಬಾವಿ ಎಂದರೆ ಊರ ಹಿಂದಿದ್ದ ಹಳೆಯ ಮೆಟ್ಟಿಲುಬಾವಿ. ಒಂದು ಕಡೆ ಇಳಿಯುವ ಮೆಟ್ಟಿಲು, ಉಳಿದ ಮೂರು ಕಡೆ ಕಲ್ಲು ಕಟ್ಟಡ. ನಮ್ಮಜ್ಜಿಯ ಕಾಲಕ್ಕೇ ಹೂಳು ತುಂಬಿ ಬತ್ತಿತ್ತು. ಹೆಂಗಸರು ಕುಡಿಯುವ ನೀರಿಗೆ ಅರ್ಧ ಮೈಲಿ ದೂರದ ಕುಂಟೆಗೆ, ಒಂದು ಸಣ್ಣ ಕೆರೆಗೆ, ಹೋಗುತ್ತಿದ್ದರು. ಬಾವಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಚಪ್ಪಡಿಯೊಂದು ಬಿದ್ದಿತ್ತು. ಮೇಷ್ಟ್ರು ಅದರ ಅಂಚಿನಲ್ಲಿ ಕುದುರೆಯ ಕಾಲು ನೋಡಿ, ದೊಡ್ಡ ಹುಡುಗರನ್ನು ಸೇರಿಸಿ ಮಗುಚಿದರು. ಅದು ವೀರಗಲ್ಲು. ಕೆಳಗೆ ದನಗಳು, ನಡುವೆ ಬಿಲ್ಲು ಹಿಡಿದವನು, ಮೇಲೆ ಅವನನ್ನು ಕರೆದುಕೊಂಡು ಹೋಗುವ ಹೆಂಗಸರು.

"ಊರಿನ ದನ ಹೊಡ್ಕೊಂಡು ಹೋಗೋರನ್ನ ತಡೆಯೋಕೆ ಹೋದವನು ಇವನು," ಎಂದರು ಮೇಷ್ಟ್ರು. "ಹೆಸರು ಸವೆದು ಹೋಗಿದೆ. ಇವನೂ ಈ ಬಾವಿ ನೀರೇ ಕುಡಿದಿರಬಹುದು. ಅವನು ದನ ಬಿಡಿಸಿದ. ನಾವು ನೀರು ಬಿಡಿಸೋಣ."

ಅಕ್ಕ ಕಲ್ಲಿನ ಮೇಲೆ ಬಗ್ಗಿ ಎಲ್ಲ ಕಡೆ ಬೆರಳಾಡಿಸಿ ನೋಡಿದಳು. "ಮೇಷ್ಟ್ರೆ, ಇದ್ರಲ್ಲಿ ಇವರಮ್ಮ ಎಲ್ಲವ್ಳೆ?"

ಮೇಷ್ಟ್ರು ತಾವೂ ಬಗ್ಗಿ ಕಲ್ಲನ್ನು ಇನ್ನೊಮ್ಮೆ ನೋಡಿದರು. "ಅವಳನ್ನ ಕೆತ್ತಿಲ್ಲ ಕಣಮ್ಮ," ಎಂದರು.

ಸಂಕ್ರಾಂತಿ ಕಳೆದ ಮೇಲೆ ಹೂಳು ತೆಗೆಯುವ ಕೆಲಸ ಶುರುವಾಯಿತು. ದಿನವೂ ಪಾಠಕ್ಕೆ ಮುಂಚೆ ಎರಡು ಗಂಟೆ. ದೊಡ್ಡವರು ಆಗೊಮ್ಮೆ ಈಗೊಮ್ಮೆ ಬಂದು ಗಟ್ಟಿ ಮಣ್ಣು ಅಗೆದುಕೊಡುತ್ತಿದ್ದರು. ಕಲಾಯಿ ಸಾಬರು ಹಗ್ಗ ಕೊಟ್ಟರು. ನಾವು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಮಣ್ಣು ತುಂಬಿದ ಮಂಕರಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಮೇಷ್ಟ್ರು ಒಂದು ನಿಯಮ ಮಾಡಿದರು. ಇಳಿಯುವ ಮುಂಚೆ ಎಲ್ಲರೂ ತಮ್ಮ ಚಕ್ಕೆಯನ್ನು ಬಾವಿಯ ಮೋಟುಗೋಡೆಯ ಮೇಲೆ ಇಡಬೇಕು. ಮೇಲೆ ಬಂದವರು ತಮ್ಮದನ್ನು ತೆಗೆದುಕೊಳ್ಳಬೇಕು. ಮುಂದಾಳು ಮೊದಲು ಇಟ್ಟು ಇಳಿಯಬೇಕು, ಕೊನೆಗೆ ಹತ್ತಿ ತೆಗೆಯಬೇಕು. ಗೋಡೆಯ ಮೇಲೆ ಬೇರೆಯವರ ಚಕ್ಕೆ ಒಂದಿದ್ದರೂ ಅವನು ಅಲ್ಲಿಂದ ಕದಲುವಂತಿಲ್ಲ. ಮೂರು ತಿಂಗಳು ಯಾರಿಗೂ ಒಂದು ಗಾಯವಾಗಲಿಲ್ಲ. ಯುಗಾದಿಯ ಹೊತ್ತಿಗೆ ಆಳದಲ್ಲಿ ಮಣ್ಣು ತಣ್ಣಗಾಗಿತ್ತು. ಊರಿನ ಹೆಂಗಸರು ಬಂದು ಇಣುಕಿ ನೋಡಿ ಹೋಗುತ್ತಿದ್ದರು.

ಯುಗಾದಿ ಕಳೆದು ಅಕ್ಕನ ಸರದಿ ಬಂತು. ನಾನು ಮೊದಲಿಗೆ ಹೇಳಿದ, ಜಡೆ ಹೆಣೆದ ಬೆಳಿಗ್ಗೆ ಅದೇ. ಅವತ್ತು ಅಕ್ಕ ಎಲ್ಲರಿಗೂ ನೀರು ಕೊಟ್ಟು ಕೊನೆಗೆ ತಾನು ಕುಡಿಯಲು ಹೋದಾಗ ಬಿಂದಿಗೆಯಲ್ಲಿ ನೀರೇ ಉಳಿದಿರಲಿಲ್ಲ. ರಹಮತ್ ಬಿಂದಿಗೆ ಬೋರಲು ಹಾಕಿ ತೋರಿಸಿ, "ನಾನೇ ಬುದ್ಧಿವಂತ, ನೋಡ್ದಾ?" ಎಂದ. ಸಂಜೆ ಮಳೆ ಬಂತು. ಅಶ್ವಿನಿ ಮಳೆ, ಆ ವರ್ಷದ ಮೊದಲನೆಯದು. ಜಗಲಿಯಲ್ಲಿ ಕೂತು ಅಕ್ಕ ತನ್ನ ಚಕ್ಕೆಯನ್ನು ಲಂಗದ ತುದಿಯಲ್ಲಿ ಒರೆಸುತ್ತಾ, "ಇನ್ನೊಂದು ವಾರ ಸಾಕು ಕಣೇ, ಕಣ್ಣಿಡಬಹುದು," ಎಂದಳು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಮೊದಲು ತಾವೇ ಇಳಿದು ಗೋಡೆಗಳನ್ನು ತಟ್ಟಿ ನೋಡಿ, ಸರಿಯಾಗಿದೆ ಎಂದ ಮೇಲೆಯೇ ನಮ್ಮನ್ನು ಬಿಟ್ಟರು. ಒದ್ದೆ ಕಲ್ಲಿನ ವಾಸನೆ ಬರುತ್ತಿತ್ತು. ಅಕ್ಕ ಮೀನಿನ ಚಕ್ಕೆ ಇಟ್ಟು ಇಳಿದಳು. ನಾನು ಅದರ ಪಕ್ಕದಲ್ಲೇ ನನ್ನ ಗಿಣಿಯನ್ನು ಇಟ್ಟೆ. ಒಂದು ಗಂಟೆ ಕೆಲಸವಾಗಿರಬಹುದು. ಮೂಡಲ ಗೋಡೆಯ ಸಂದಿನಿಂದ ಕೆಸರು ನೀರು ಜಿನುಗುವುದನ್ನು ಮೇಷ್ಟ್ರು ಕಂಡರು.

"ಎಲ್ಲ ಮೇಲೆ ಹೋಗಿ. ಮಂಕರಿ ಅಲ್ಲೇ ಬಿಡಿ. ಓಡಬೇಡಿ, ನಿಧಾನ."

ನಾನು ನಡು ಮೆಟ್ಟಿಲಲ್ಲಿದ್ದೆ. ಕೈಯಲ್ಲಿ ತುಂಬಿದ ಮಂಕರಿ ಇತ್ತು. ಬಿಟ್ಟುಬಿಡಿ ಎಂದದ್ದು ಕೇಳಿಸಿತು. ಆದರೆ ಅಕ್ಕ ಮುಂದಾಳಾದ ವಾರ, ಅವಳ ತಂಗಿ ಮಂಕರಿ ಬಿಸಾಡಿ ಬಂದಳು ಎನ್ನಬಾರದು ಎಂದು ತಲೆಯ ಮೇಲಿಟ್ಟುಕೊಂಡು ಹತ್ತಿದೆ. ಮೇಲೆ ಬಂದಾಗ ಎರಡು ಕೈಯೂ ಮಂಕರಿಯ ಮೇಲೆ. ಸುರಿದು ಬಂದು ಚಕ್ಕೆ ತೆಗೆದುಕೊಳ್ಳೋಣ ಎಂದುಕೊಂಡೆ.

ಮಣ್ಣಿನ ಗುಡ್ಡೆ ಇದ್ದದ್ದು ರಸ್ತೆಯ ಕಡೆಗೆ. ಸುರಿದೆ. ಅದೇ ಹೊತ್ತಿಗೆ ಶಿವಾರಪಟ್ಟಣದಿಂದ ಮಾಲೂರಿನ ಸ್ಟೇಷನ್ನಿಗೆ ಹೋಗುವ ಎತ್ತಿನ ಗಾಡಿ ಬಂತು. ಗಾಡಿಯ ಮುಂದೆ ಅದೇ ಆಚಾರಿ ತಾತ ಕೂತಿದ್ದರು. ಹಿಂದೆ ಹುಲ್ಲಿನಲ್ಲಿ ಸುತ್ತಿದ ವಿಗ್ರಹ, ಮುಖದ ಮೇಲೆ ಬಿಳಿ ಬಟ್ಟೆ. ಕಣ್ಣು ಕೆತ್ತಿದ್ದಾರೋ ಇಲ್ಲವೋ ನೋಡಬೇಕೆಂದು ನನಗನ್ನಿಸಿತು. ಅಕ್ಕನಿಗೆ ಹೋಗಿ ಹೇಳಬೇಕೆಂದೂ ಅನ್ನಿಸಿತು. ಗಾಡಿಯ ಹಿಂದೆ ಓಡಿದೆ. ಹುಲ್ಲು ಹಿಡಿದು ಜೋತು ಬಿದ್ದೆ. ಬಟ್ಟೆ ಸರಿಯಲಿಲ್ಲ.

ಬಾವಿಯ ಹತ್ತಿರ ಆದದ್ದನ್ನು ನನಗೆ ಆಮೇಲೆ ಹೇಳಿದವನು ರಹಮತ್. ಮೇಷ್ಟ್ರು ತೀರ ಚಿಕ್ಕವನೊಬ್ಬನನ್ನು ಬೆನ್ನ ಮೇಲೆ ಹೊತ್ತು ಬಂದರು. ಅವರ ಹಿಂದೆ ಕೊನೆಯವಳಾಗಿ ಅಕ್ಕ ಬಂದಳು. ಮೇಷ್ಟ್ರು ಮಕ್ಕಳನ್ನು ಬಾವಿಯಿಂದ ದೂರ ನಿಲ್ಲಿಸಲು ಹೋದರು. ಅಕ್ಕ ಮೋಟುಗೋಡೆ ನೋಡಿದಳು. ಎರಡು ಚಕ್ಕೆ ಇದ್ದವು.

"ಸುಬ್ಬಿ ಕೆಳಗವ್ಳೆ," ಎಂದಳು.

"ಮೇಲೆ ಬಂದಂಗೆ ಕಾಣ್ತು ಪಾರ್ವತಿ," ಎಂದ ರಹಮತ್.

"ಬಂದಂಗೆ ಕಾಣ್ತು ಅಂದ್ರೆ ಆಯ್ತದೇನೋ? ಚಕ್ಕೆ ಇಲ್ಲೇ ಐತೆ."

ನನ್ನ ಹೆಸರು ಕೂಗುತ್ತಾ ಇಳಿದಳಂತೆ. ಮೇಷ್ಟ್ರು ತಿರುಗಿ ನೋಡಿ "ನಿಲ್ಲಮ್ಮಾ" ಎಂದು ಓಡಿಬಂದರಂತೆ. ಅವರು ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಮೂಡಲ ಗೋಡೆ ಬಿತ್ತು.

ನನಗೆ ಕೇಳಿಸಿದ್ದು ಒಂದು ಸದ್ದು ಮಾತ್ರ. ಎತ್ತುಗಳು ಬೆದರಿದವು. ಗಾಡಿ ನಿಂತಿತು. ರಹಮತ್ ರಸ್ತೆಯ ಮೇಲೆ ಓಡಿ ಬರುತ್ತಿದ್ದ. ನನ್ನನ್ನು ಕಂಡವನು ನಿಂತ.

"ನೀನು ಇಲ್ಲಿದ್ದೀಯಾ?" ಎಂದ.

ಆಚಾರಿ ತಾತ ಗಾಡಿಯಲ್ಲಿದ್ದ ಹಾರೆ ತೆಗೆದುಕೊಂಡು ಓಡಿದರು. ಕಲಾಯಿ ಸಾಬರು, ಅಪ್ಪ, ಊರಿನವರೆಲ್ಲ ಸೇರಿ ಮಧ್ಯಾಹ್ನದವರೆಗೆ ಕಲ್ಲು ಸರಿಸಿದರು. ಅಕ್ಕನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದವರು ಸಾಬರು. ಅವಳ ಜಡೆ ಬಿಚ್ಚಿರಲಿಲ್ಲ. ಅಷ್ಟು ಹೊತ್ತೂ ನನ್ನ ಮುಷ್ಟಿಯಲ್ಲಿ ಗಾಡಿಯ ಹುಲ್ಲು ಇತ್ತು.

ಸಂಜೆ ಊರಿನ ಹಿರಿಯರು ನಮ್ಮ ಜಗಲಿಯಲ್ಲಿ ಕೂತು, "ಈ ಹುಡುಗಿ ಎಲ್ಲಿ ಹೋಗಿದ್ಲು?" ಎಂದು ಕೇಳಿದರು. ನಾನು ಕಂಬದ ಹಿಂದೆ ಸರಿದೆ. ರಹಮತ್ ಮುಂದೆ ಬಂದು, "ಮಂಕರಿ ಸುರಿಯಾಕೆ ಹೋಗಿದ್ಲು," ಎಂದ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಮೇಷ್ಟ್ರು ಮೂರು ದಿನ ಬಾವಿಯಿಂದ ತೆಗೆದ ಮಣ್ಣನ್ನೂ ಗೋಡೆಯ ಸುತ್ತಲ ಮಣ್ಣನ್ನೂ ಜರಡಿ ಹಿಡಿದರು. ನನ್ನ ಗಿಣಿ ಮೋಟುಗೋಡೆಯ ಮೇಲೆಯೇ ಇತ್ತು. ಅಕ್ಕನ ಮೀನು ಇರಲಿಲ್ಲ. ಗೋಡೆ ಅದುರಿದಾಗ ಉರುಳಿತೋ, ಓಡಾಡಿದವರ ಕಾಲಿಗೆ ಸಿಕ್ಕಿತೋ, ಇಳಿಯುವಾಗ ಅವಳೇ ಕೈಯಲ್ಲಿ ಹಿಡಿದುಕೊಂಡಳೋ ಯಾರಿಗೂ ಗೊತ್ತಿಲ್ಲ. ನಾಲ್ಕನೆಯ ದಿನ ಮೇಷ್ಟ್ರು ನಮ್ಮ ಮನೆಗೆ ಬಂದು ಬಾಗಿಲ ಹೊರಗೇ ನಿಂತರು.

"ನಿಯಮ ನಾನು ಹೇಳಿಕೊಟ್ಟದ್ದು. ಅವಳು ನಡೆಸಿದಳು. ನನ್ನನ್ನ ಬಯ್ಯಿರಿ."

ಅಪ್ಪ ಎದ್ದು ಬಾಗಿಲಿಗೆ ಬಂದರು. ಆಮೇಲೆ ಮೆಲ್ಲಗೆ ಹೇಳಿದರು: "ಬಯ್ದು ಏನ್ ಮಾಡ್ಲಿ ಮೇಷ್ಟ್ರೆ. ನೀವು ಹೇಳಿಕೊಟ್ಟಿದ್ದೇನೂ ತಪ್ಪಲ್ಲ. ಅದನ್ನ ಯಾವಾಗ ಮೀರ್ಬೇಕು ಅನ್ನೋದನ್ನೂ ಹೇಳಿಕೊಡ್ಬೇಕಾಗಿತ್ತು. ಮಗು ಅಲ್ವಾ, ಅದಕ್ಕೇನು ಗೊತ್ತಾಯ್ತದೆ?"

ಮೇಷ್ಟ್ರು ತಲೆಯಾಡಿಸಿದರು. ಅವರ ಬೆರಳುಗಳ ಸಂದಿಯಲ್ಲಿ ಬಾವಿಯ ಮಣ್ಣು ಹಾಗೇ ಇತ್ತು. ಬೇಸಿಗೆ ರಜೆ ಮುಗಿಯುವುದರೊಳಗೆ ಅವರಿಗೆ ಮುಳಬಾಗಿಲಿನ ಕಡೆ ವರ್ಗವಾಯಿತು. ಮತ್ತೆ ಅವರನ್ನು ನಾನು ನೋಡಲಿಲ್ಲ. ಹೊಸದಾಗಿ ಬಂದವರು ಹೀರೆಬಳ್ಳಿಯಿಂದ ಬೆತ್ತ ಕಿತ್ತುಕೊಂಡರೆಂದು ಕೇಳಿದೆ. ಕೇಳಿದೆ ಎನ್ನುತ್ತೇನೆ, ಏಕೆಂದರೆ ಅಷ್ಟರಲ್ಲಿ ಹುಡುಗಿಯರನ್ನೆಲ್ಲ ಶಾಲೆ ಬಿಡಿಸಿದ್ದರು. ನನ್ನ ಓದು ಅಲ್ಲಿಗೆ ಮುಗಿಯಿತು. ಆ ವರ್ಷ ಕಲಿತ ಅಕ್ಷರದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಬಾವಿಯ ಉಳಿದ ಕೆಲಸವನ್ನು ಊರಿನ ಗಂಡಸರು ಮುಗಿಸಿದರು. ಗೋಡೆಯನ್ನು ಮತ್ತೆ ಕಟ್ಟಿದರು. ಆ ಮಳೆಗಾಲದಲ್ಲಿ ನೀರು ಬಂತು, ಸಿಹಿ ನೀರು. ಊರೆಲ್ಲ ಅದನ್ನೇ ಕುಡಿಯಿತು. ಅಮ್ಮ ಮಾತ್ರ ಬದುಕಿರುವವರೆಗೂ ಕುಂಟೆಗೇ ಹೋದಳು.

ಒಂದು ದಿನ ಅಮ್ಮನ ಜೊತೆ ನಾನೂ ಕುಂಟೆಗೆ ಹೋಗಿದ್ದೆ. ಆಗ ಅಕ್ಕ ಹೋಗಿ ವರ್ಷವಾಗಿತ್ತು. ಅಮ್ಮ ಬಿಂದಿಗೆ ತೊಳೆಯುತ್ತಾ, ನನ್ನ ಮುಖ ನೋಡದೆ ಕೇಳಿದಳು.

"ಅವತ್ತು ನಿನ್ನ ಕೈಯಾಗೆ ಮಂಕರಿ ಇತ್ತಾ?"

"ಇತ್ತಮ್ಮ."

"ತುಂಬಿತ್ತಾ?"

"ತುಂಬಿತ್ತು."

"ಹಂಗಾದ್ರೆ ಎರಡು ಕೈಯೂ ಬೇಕಾಗಿತ್ತು," ಎಂದಳು. ಬಿಂದಿಗೆ ಸೊಂಟಕ್ಕೇರಿಸಿಕೊಂಡು ಮುಂದೆ ಹೊರಟಳು.

ಆಗ ಹೇಳಬೇಕಿತ್ತು. ಸುರಿದ ಮೇಲೆ ನನ್ನ ಕೈ ಖಾಲಿಯಾಗಿತ್ತು, ಗೋಡೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ನಾನು ಗಾಡಿಯ ಹಿಂದೆ ಹೋದೆ ಎಂದು. ಹೇಳಲಿಲ್ಲ. ಅಮ್ಮ ತನ್ನ ಮಾತನ್ನೇ ನಂಬಿಕೊಂಡು ಕಣ್ಣು ಮುಚ್ಚಿದಳು.

ನನ್ನನ್ನು ಶ್ರೀನಿವಾಸಪುರಕ್ಕೆ ಕೊಟ್ಟರು. ರಹಮತ್ ಅಪ್ಪನ ಕಸುಬನ್ನೇ ಹಿಡಿದ. ಮಾವಿನ ಕಾಲ ಮುಗಿದ ಮೇಲೆ ಪ್ರತಿ ವರ್ಷ ಸೈಕಲ್ಲಿಗೆ ಬೆಂಕಿ ಊದುವ ತಿದಿ ಕಟ್ಟಿಕೊಂಡು ನಮ್ಮ ಬೀದಿಗೆ ಬರುತ್ತಿದ್ದ. ನಮ್ಮ ಮನೆಯ ಮುಂದೆ ಕೆಂಡ ಮಾಡಿ, ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉಜ್ಜಿದಾಗ ಬಿಳಿ ಹೊಗೆ ಏಳುತ್ತಿತ್ತು. ಕಣ್ಣು ಉರಿಯುವ ಹೊಗೆ. ಅದರ ನೆಪದಲ್ಲಿ ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅವನು ನೋಡದವನ ಹಾಗೆ ಅರಿವೆಯಿಂದ ಪಾತ್ರೆ ತಿಕ್ಕುತ್ತಿದ್ದ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಅವನು ಆ ಮಾತು ಎತ್ತಿದ.

"ಸುಬ್ಬಮ್ಮಾ, ಅವತ್ತು ನಾನು ಕೈ ಹಿಡಿದು ನಿಲ್ಲಿಸ್ಬಹುದಾಗಿತ್ತು. ಪಕ್ಕದಲ್ಲೇ ಇದ್ದೆ. ಮುಂದಾಳು ಅಲ್ವಾ, ಹೆಂಗೆ ಹಿಡಿಯೋದು ಅಂದ್ಕೊಂಡೆ."

ತಪ್ಪಿನಲ್ಲಿ ಅವನು ಹೊತ್ತ ಪಾಲು ಅದು ಎಂದು ನನಗೆ ಆವತ್ತೇ ತಿಳಿದದ್ದು. ಗಾಡಿಯ ವಿಷಯ ಯಾರಿಗಾದರೂ ಹೇಳಿದ್ದೀಯಾ ಎಂದು ನಾನು ಕೇಳಲಿಲ್ಲ. ಕೇಳುವುದು ಬೇಕಿರಲಿಲ್ಲ.

ಹೋದ ತಿಂಗಳು ರಹಮತ್ ತೀರಿಕೊಂಡ. ಸುದ್ದಿ ಬಂದ ದಿನವೇ ಬಸ್ಸು ಹತ್ತಿ ಊರಿಗೆ ಹೋದೆ. ಮಣ್ಣು ಮಾಡಿ ಆಗಿತ್ತು, ಮುಖ ನೋಡಲಾಗಲಿಲ್ಲ. ಈಗ ಕಲಾಯಿ ಹಾಕಿಸುವವರಿಲ್ಲ. ಆದರೂ ಅವನ ಮನೆಯ ಅಂಗಳದಲ್ಲಿ ನವಸಾಗರದ ವಾಸನೆ ಇನ್ನೂ ಇತ್ತು. ಬಾವಿಯ ಮೇಲೆ ಚಪ್ಪಡಿ ಹಾಸಿ ಮುಚ್ಚಿದ್ದಾರೆ. ವೀರಗಲ್ಲನ್ನು ಯಾರೋ ಎತ್ತಿ ನಿಲ್ಲಿಸಿ ಕುಂಕುಮ ಇಟ್ಟಿದ್ದಾರೆ. ಅದು ಯಾರ ಕಲ್ಲು ಎಂದು ಅಲ್ಲಿ ಆಡುತ್ತಿದ್ದ ಮಕ್ಕಳನ್ನು ಕೇಳಿದೆ. ಗೊತ್ತಿಲ್ಲಜ್ಜಿ ಎಂದರು.

ಹೊರಡುವಾಗ ರಹಮತ್‌ನ ಮಗ ಒಂದು ತಗಡಿನ ಡಬ್ಬಿ ತಂದುಕೊಟ್ಟ. "ಅಬ್ಬಾ ಇದನ್ನ ನಿಮಗೇ ಕೊಡು ಅಂದಿದ್ರು," ಎಂದ. ಅಷ್ಟು ವರ್ಷ ಅವನು ಮಾತಾಡದೆ ಇದ್ದದ್ದಕ್ಕೆ ಇದೇ ಕಾರಣವಿರಬಹುದು, ಅಕ್ಕನ ಮೀನು ಅವನಿಗೆ ಸಿಕ್ಕಿರಬಹುದು, ಕೊಡಲು ಧೈರ್ಯ ಬಂದಿರಲಿಕ್ಕಿಲ್ಲ ಎಂದೆಲ್ಲ ಆ ಒಂದು ಗಳಿಗೆಯಲ್ಲಿ ಅಂದುಕೊಂಡುಬಿಟ್ಟೆ. ಅಂಗಳದಲ್ಲೇ ಕೂತು ಮುಚ್ಚಳ ತೆಗೆದೆ. ಒಳಗೆ ಬಟ್ಟೆಯಲ್ಲಿ ಸುತ್ತಿದ ಒಂದು ಚಕ್ಕೆ ಇತ್ತು. ಅದರ ಮೇಲೆ ಚೆಂಬು ಕೊರೆದಿತ್ತು.

ನನ್ನ ಗಿಣಿ, ಅವನ ಚೆಂಬು, ಎರಡು ಚಕ್ಕೆಗಳೂ ಈಗ ನನ್ನ ಹತ್ತಿರವಿವೆ. ಗಾಡಿಯ ವಿಷಯ ತಿಳಿದವಳು ನಾನೊಬ್ಬಳೇ ಉಳಿದಿದ್ದೇನೆ, ಅದಕ್ಕೇ ಬರೆದಿಟ್ಟಿದ್ದೇನೆ. ಅಕ್ಕನ ಮೀನು ಇನ್ನೂ ಸಿಕ್ಕಿಲ್ಲ.